ದೂರದ ಕೈಯಲ್ಲಿ ಊರಿನ ಕೀಲಿಕೈ

ಕಾರ್ಕಳದ ಅಕ್ಕಿ ಗಿರಣಿಯ ಕಚೇರಿಯಲ್ಲಿ ಟ್ಯಾಲಿ ತೆರೆದುಕೊಳ್ಳದಿದ್ದರೆ, ಕಾಪುವಿನ ಸೊಸೈಟಿಯಲ್ಲಿ ರಸೀದಿ ಮುದ್ರಣವಾಗದಿದ್ದರೆ, ಉಡುಪಿಯ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕಂಪ್ಯೂಟರು ಹ್ಯಾಂಗ್ ಆದರೆ, ರಿಪೇರಿಯವರು ಬೈಕು ಹತ್ತುವುದು ಈಗ ಕೊನೆಯ ಉಪಾಯ. ಮೊದಲು ಬರುವುದು ಫೋನು. ‘ಎನಿಡೆಸ್ಕ್ ಓಪನ್ ಮಾಡಿ, ನಂಬರ್ ಹೇಳಿ, ಅಕ್ಸೆಪ್ಟ್ ಕೊಡಿ’ ಎಂಬ ಮಾತು ಮುಗಿಯುವಷ್ಟರಲ್ಲಿ ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗುತ್ತದೆ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಕುಳಿತವರು ಕಡತ ತೆರೆದು, ಕೆಟ್ಟದ್ದನ್ನು ಸರಿಪಡಿಸಿ, ‘ಈಗ ನೋಡಿ’ ಎನ್ನುತ್ತಾರೆ. ಉಡುಪಿಯಿಂದ ಕಾರ್ಕಳಕ್ಕೆ ಒಂದು ಸಣ್ಣ ದೋಷಕ್ಕಾಗಿ ಹೋಗಿಬಂದರೆ ಅರ್ಧ ದಿನ ಕಳೆಯುತ್ತಿತ್ತು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ಅರ್ಧ ದಿನ ಉಳಿದದ್ದು ಗಿರಣಿಗೂ ಲಾಭ, ರಿಪೇರಿಯವರಿಗೂ ಲಾಭ. ಇದರಲ್ಲಿ ತಕರಾರಿಲ್ಲ. ತಕರಾರಿರುವುದು ಈ ಸೇವೆಯನ್ನು ನಮ್ಮ ಸಣ್ಣ ಸಂಸ್ಥೆಗಳು ಯಾವ ಲೆಕ್ಕದಲ್ಲಿ ಕೊಳ್ಳುತ್ತಿವೆ ಎಂಬುದರ ಬಗ್ಗೆ. ಫ್ಯಾನು, ಜೆರಾಕ್ಸ್ ಯಂತ್ರಗಳ ವಾರ್ಷಿಕ ನಿರ್ವಹಣೆಯ ಸಾಲಿನಲ್ಲೇ ಇದನ್ನೂ ಬರೆದುಬಿಟ್ಟಿದ್ದೇವೆ. ಫ್ಯಾನು ರಿಪೇರಿ ಮಾಡಿದವರು ಮನೆಗೆ ಹೋದ ಮೇಲೆ ಫ್ಯಾನು ನಮ್ಮದೇ. ಸರ್ವರ್ ನೋಡಿಕೊಳ್ಳುವವರು ಫೋನು ಇಟ್ಟ ಮೇಲೂ ಸದಸ್ಯರ ಠೇವಣಿ, ರೋಗಿಗಳ ವಿವರ, ಹತ್ತು ವರ್ಷದ ಲೆಕ್ಕಪತ್ರ ಇರುವ ಕೋಣೆಯ ಕೀಲಿಕೈ ಅವರ ಜೇಬಿನಲ್ಲೇ ಇರುತ್ತದೆ. ಇದನ್ನು ರಿಪೇರಿ ಎಂದು ಅಳೆಯುವ ಬದಲು, ಹಣದ ಸುಪರ್ದಿಗೆ ಯಾವ ಕಟ್ಟುಪಾಡು ಇದೆಯೋ ಅದೇ ಕಟ್ಟುಪಾಡಿಗೆ ಒಳಪಡಿಸಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಪಾಠ ಈ ಜಿಲ್ಲೆಗೆ ಹೊರಗಿನಿಂದ ಬರಬೇಕಾಗಿಲ್ಲ.

ಈ ದೂರದ ಕೈ ಹೇಗೆ ಒಳಬರುತ್ತದೆ ಎಂಬುದನ್ನು ಮೊದಲು ತಿಳಿಯೋಣ, ಏಕೆಂದರೆ ಅಪಾಯವೂ ಉಪಾಯವೂ ಅಲ್ಲೇ ಇವೆ. ಕಚೇರಿಯ ರೌಟರು ಸಾಮಾನ್ಯವಾಗಿ ಹೊರಗಿನಿಂದ ತಾವಾಗಿ ಬರುವ ಸಂಪರ್ಕಗಳನ್ನು ಒಳಬಿಡುವುದಿಲ್ಲ. ಅದಕ್ಕೇ ಜರ್ಮನಿಯಲ್ಲಿ 2005ರಲ್ಲಿ ಹುಟ್ಟಿದ ಟೀಮ್‌ವ್ಯೂವರ್, 2014ರಲ್ಲಿ ಅಲ್ಲೇ ಹುಟ್ಟಿದ ಎನಿಡೆಸ್ಕ್‌ನಂಥ ತಂತ್ರಾಂಶಗಳು ಒಳಗಿನಿಂದ ಹೊರಕ್ಕೆ ಹೋಗುತ್ತವೆ. ನಮ್ಮ ಕಂಪ್ಯೂಟರು ಕಂಪನಿಯ ಮಧ್ಯವರ್ತಿ ಸರ್ವರಿಗೆ ಹೋಗಿ ‘ನಾನಿಲ್ಲಿದ್ದೇನೆ, ನನ್ನ ಸಂಖ್ಯೆ ಇಷ್ಟು’ ಎಂದು ಹೇಳಿ ಕಾಯುತ್ತದೆ. ಆ ಸಂಖ್ಯೆ ಗೊತ್ತಿರುವವರು ಅಲ್ಲಿಗೇ ಬಂದು ಭೇಟಿಯಾಗುತ್ತಾರೆ. ಗೋಡೆ ಹಾಗೇ ಇದೆ, ಬಾಗಿಲು ಮಾತ್ರ ಒಳಗಿನಿಂದ ತೆರೆದಿದೆ. ಪರದೆಯ ಮುಂದೆ ಕುಳಿತವರು ಪ್ರತಿ ಸಲ ‘ಅಕ್ಸೆಪ್ಟ್’ ಒತ್ತಬೇಕು ಎಂಬಲ್ಲಿಯವರೆಗೆ ಇದು ಒಂದು ಬಗೆ. ‘ರಾತ್ರಿ ಅಪ್‌ಡೇಟ್ ಹಾಕುತ್ತೇನೆ, ಪ್ರತಿ ಸಲ ನಿಮ್ಮನ್ನು ಯಾಕೆ ಎಬ್ಬಿಸುವುದು’ ಎಂದು ಶಾಶ್ವತ ಪಾಸ್‌ವರ್ಡ್ ಹಾಕಿಟ್ಟರೆ ಅದು ಬೇರೆಯೇ ಬಗೆ. ಆಮೇಲೆ ಕಚೇರಿಯಲ್ಲಿ ಯಾರೂ ಇಲ್ಲದಾಗಲೂ ಪ್ರವೇಶ ಸಾಧ್ಯ. ಲಿನಕ್ಸ್ ಸರ್ವರುಗಳ ಜಗತ್ತಿನಲ್ಲಿ ಈ ಕೆಲಸಕ್ಕೆ ಎಸ್‌ಎಸ್‌ಎಚ್ ಇದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಘಟನೆ ನಡೆದಾಗ ಅಲ್ಲಿನ ತಾತು ಯುಲೊನೆನ್ 1995ರಲ್ಲಿ ಅದನ್ನು ಬರೆದರು. ಅದಕ್ಕೂ ಮೊದಲಿನ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಟಾಬಯಲಾಗಿ ತಂತಿಯ ಮೇಲೆ ಹೋಗುತ್ತಿತ್ತು. ದಾರಿಯಲ್ಲಿ ಕದ್ದಾಲಿಸುವ ಸಮಸ್ಯೆ ಮೂವತ್ತು ವರ್ಷ ಹಿಂದೆಯೇ ಬಹುಮಟ್ಟಿಗೆ ಬಗೆಹರಿದಿದೆ. ದಾರಿಯ ಎರಡು ತುದಿಗಳಲ್ಲಿರುವ ಮನುಷ್ಯರ ಸಮಸ್ಯೆ ಹಾಗೇ ಉಳಿದಿದೆ.

ಇದಕ್ಕೆ ಬಲವಾದ ಸಾಕ್ಷಿ 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಕೊಟ್ಟ ಎಚ್ಚರಿಕೆ. ವಂಚಕರು ಗ್ರಾಹಕರಿಗೆ ಫೋನು ಮಾಡಿ, ಎನಿಡೆಸ್ಕ್ ಹಾಕಿಸಿಕೊಂಡು, ಅದರಲ್ಲಿ ಮೂಡುವ ಒಂಬತ್ತು ಅಂಕಿಗಳನ್ನು ಕೇಳಿ ಪಡೆದು ಖಾತೆ ಬರಿದು ಮಾಡುತ್ತಿದ್ದಾರೆ ಎಂದು ಅದು ಬ್ಯಾಂಕುಗಳಿಗೆ ತಿಳಿಸಿತ್ತು. ತಂತ್ರಾಂಶದಲ್ಲಿ ದೋಷವಿರಲಿಲ್ಲ, ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು. ಗಮನಿಸಬೇಕಾದದ್ದು ಬೇರೆ: ಪ್ರಾಮಾಣಿಕ ಸಪೋರ್ಟ್ ಎಂಜಿನಿಯರ್ ಮತ್ತು ಕಳ್ಳ ಇಬ್ಬರೂ ಫೋನಿನಲ್ಲಿ ಹೇಳುವುದು ಅಕ್ಷರಶಃ ಒಂದೇ ವಾಕ್ಯ. ಕೌಂಟರಿನಲ್ಲಿ ಕುಳಿತ ಗುಮಾಸ್ತೆಗೆ ‘ನಂಬರ್ ಹೇಳಿ, ಅಕ್ಸೆಪ್ಟ್ ಕೊಡಿ’ ಎಂದಾಗ ತಡಮಾಡದೆ ಒಪ್ಪಬೇಕು ಎಂದು ವರ್ಷವಿಡೀ ಅಭ್ಯಾಸ ಮಾಡಿಸುತ್ತೇವೆ. ಒಂದು ದಿನ ಅದೇ ಮಾತನ್ನು ಬೇರೆ ದನಿ ಹೇಳಿದಾಗ ಆಕೆ ಒಪ್ಪಿದರೆ ತಪ್ಪು ಆಕೆಯದೆಂದು ಹೇಳುವುದು ಅನ್ಯಾಯ. ಅಪಾಯವನ್ನು ಕಲಿಸಿಕೊಟ್ಟದ್ದೇ ಸಂಸ್ಥೆ. ಕರೆ ಬಂದರೆ ಇಟ್ಟುಬಿಡುವುದು, ಮೇಜಿನ ಮೇಲೆ ಬರೆದಿಟ್ಟ ಸಂಖ್ಯೆಗೆ ತಾನೇ ತಿರುಗಿ ಕರೆಮಾಡುವುದು ಎಂಬ ಒಂದು ನಿಯಮ ಈ ಇಬ್ಬರ ನಡುವೆ ವ್ಯತ್ಯಾಸ ಹುಟ್ಟಿಸುತ್ತದೆ. ಅದಕ್ಕೆ ಒಂದು ನಿಮಿಷ ಹೆಚ್ಚು ಬೇಕು, ಅಷ್ಟೇ. ಹಣ ಹೋಗಿಯೇಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡುವುದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ, ಆದರೆ ಅದು ಕಳೆದ ಮೇಲಿನ ಮಾತು.

ಸುಪರ್ದಿಯ ಪಾಠ ಇಲ್ಲಿಯದೇ ಎಂದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಸೇರಿ ಉಡುಪಿಯಲ್ಲೇ ತೆರೆದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿಗೆ ಹೋಗಿ ಪುಡಿಗಾಸು ಸಂಗ್ರಹಿಸುತ್ತಿದ್ದರು. ಬ್ಯಾಂಕು ದೂರದಲ್ಲಿದೆ, ಹಣ ಕೊಡುವವರು ಇಲ್ಲಿದ್ದಾರೆ, ನಡುವೆ ಒಬ್ಬ ಮನುಷ್ಯ. ಅವರ ಮೇಲೆ ನಂಬಿಕೆ ಇತ್ತು. ಆದರೂ ಸಂದ ಹಣಕ್ಕೆ ಬರವಣಿಗೆ ಇತ್ತು, ಅದು ಗ್ರಾಹಕರ ಕೈಯಲ್ಲೂ ಉಳಿಯುತ್ತಿತ್ತು. ಶಾಖೆಯ ಒಳಗಿನ ತಿಜೋರಿಗೆ ಎರಡು ಕೀಲಿ. ಒಂದು ಕ್ಯಾಶಿಯರ್ ಬಳಿ, ಇನ್ನೊಂದು ಅಧಿಕಾರಿ ಬಳಿ. ಒಬ್ಬರೇ ತೆರೆಯಲಾಗದು. ಬದಲಿ ಕೀಲಿಗಳು ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಶಾಖೆಯಲ್ಲಿರುತ್ತವೆ, ಕೀಲಿ ಕೈಬದಲಾದರೆ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಕ್ಯಾಶಿಯರನ್ನು ಕಳ್ಳನೆಂದು ಬಗೆದು ಈ ಪದ್ಧತಿ ಹುಟ್ಟಲಿಲ್ಲ, ನಂಬಿಕೆ ನೂರು ಶಾಖೆಗೆ ಹಬ್ಬಬೇಕಾದರೆ ಅದು ಒಬ್ಬರ ಗುಣದ ಮೇಲೆ ನಿಲ್ಲಬಾರದು ಎಂಬ ತಿಳಿವಳಿಕೆಯಿಂದ ಹುಟ್ಟಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಮುಖ್ಯ ಕಚೇರಿಗಳು ಬೆಂಗಳೂರು, ಮುಂಬೈಗಳಿಗೆ ಸೇರಿದವು. ಎರಡು ಕೀಲಿಯ ಶಿಸ್ತನ್ನು ಊರೂರಿಗೆ ಕೊಂಡೊಯ್ದ ಈ ಜಿಲ್ಲೆಯಲ್ಲೇ ಇಂದು ಸಣ್ಣ ಸಂಸ್ಥೆಯೊಂದರ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಒಬ್ಬರ ನೆನಪಿನಲ್ಲಿ, ಅಥವಾ ಒಬ್ಬರ ವಾಟ್ಸ್ಆ್ಯಪ್‌ನಲ್ಲಿ ಇದ್ದರೆ ಯಾರಿಗೂ ಆಶ್ಚರ್ಯವಾಗದು ಎಂಬುದು ನನಗೆ ನೋವಿನ ವಿಷಯ.

ಸರ್ವರ್ ನಿರ್ವಹಣೆ ಎಂದರೆ ಕೆಟ್ಟಾಗ ಸರಿಪಡಿಸುವುದು ಎಂಬ ಕಲ್ಪನೆಯೂ ಈ ತಪ್ಪು ಲೆಕ್ಕಕ್ಕೆ ಕಾರಣ. ನಿಜವಾದ ಕೆಲಸ ಕೆಡುವ ಮೊದಲಿನದು, ಬೇಸರ ಹುಟ್ಟಿಸುವಂಥದು. ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ನಿನ್ನೆ ರಾತ್ರಿಯ ಬ್ಯಾಕಪ್ ಮುಗಿಯಿತೇ, ಅದನ್ನು ತಿರುಗಿ ತೆರೆದು ನೋಡಿದ್ದೇವೆಯೇ, ಯಾರ್ಯಾರು ಯಾವಾಗ ಲಾಗಿನ್ ಆದರು, ಮೈಕ್ರೊಸಾಫ್ಟ್ ತಿಂಗಳು ತಿಂಗಳು ಕೊಡುವ ಪ್ಯಾಚ್ ಹಾಕಿದೆಯೇ. 2017ರ ಮೇ 12ರಂದು ಜಗತ್ತನ್ನು ಕಂಗೆಡಿಸಿದ ವನ್ನಾಕ್ರೈ ದಾಳಿ ಬಳಸಿದ ಲೋಪಕ್ಕೆ ಆ ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು. ಎರಡು ತಿಂಗಳು ಅದನ್ನು ಹಾಕದವರು ಬಿದ್ದರು. ಇನ್ನು ನಮ್ಮ ಕರಾವಳಿಯ ಪಾಡು ಬೇರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಕಂಪ್ಯೂಟರಿಗೆ ಹೆಚ್ಚು ಅಪಾಯಕಾರಿ ಜುಲೈಯ ಜಡಿಮಳೆಯಲ್ಲ, ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಸಿಡಿಲು. ಆ ಹೊತ್ತಿಗೆ ನೆಲ ಒಣಗಿರುತ್ತದೆ. ಒಣಗಿದ ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಅರ್ತಿಂಗ್ ದುರ್ಬಲವಾಗಿರುತ್ತದೆ. ಸಿಡಿಲಿನ ಆಘಾತ ವಿದ್ಯುತ್ ತಂತಿಯಿಂದ, ತಾಮ್ರದ ಕೇಬಲ್ಲಿನಿಂದ ಒಳಬಂದು ಮೋಡೆಮ್, ಸ್ವಿಚ್, ಮದರ್‌ಬೋರ್ಡುಗಳನ್ನು ಸುಡುತ್ತದೆ. ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಲೋಹದ ಸಂಪರ್ಕಗಳನ್ನು ತಿನ್ನುತ್ತದೆ. ಬೆಂಗಳೂರಿನಲ್ಲಿ ಕುಳಿತು ನೋಡುವ ತಂತ್ರಾಂಶ ಡಿಸ್ಕಿನ ಬಿಸಿಯನ್ನು ಹೇಳುತ್ತದೆ, ಅರ್ತಿಂಗ್ ಗುಂಡಿಗೆ ನೀರು ಹಾಕದೆ ಎಷ್ಟು ದಿನವಾಯಿತು ಎಂದು ಹೇಳುವುದಿಲ್ಲ.

ಆದ್ದರಿಂದ ಎರಡನೆಯ ಕೀಲಿ ಊರಿನಲ್ಲೇ ಇರಬೇಕು ಎನ್ನುವುದು ಕೇವಲ ಕಳ್ಳತನದ ಭಯದಿಂದಲ್ಲ. ದೂರದ ಕೈಗೆ ಒಂದು ಮಿತಿ ಇದೆ, ಅದು ಎಷ್ಟು ದೊಡ್ಡ ಕಂಪನಿಯಾದರೂ ಬಿಡದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮಾಯವಾಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಅದರ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವೇ ಕಡಿದುಹೋಗಿತ್ತು; ದೂರದಿಂದ ಸರಿಪಡಿಸಲು ಬೇಕಾದ ದಾರಿಯೂ ಅದೇ ಜಾಲದ ಮೇಲೆ ಇತ್ತು. ಕೊನೆಗೆ ಎಂಜಿನಿಯರುಗಳು ಕಟ್ಟಡದೊಳಗೆ ನಡೆದು ಹೋಗಿ ಯಂತ್ರ ಮುಟ್ಟಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್, ಮೈಕ್ರೊಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಯ ಮೇಲೆ ನಿಲ್ಲಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಅಂದೇ. ಯಂತ್ರ ಪೂರ್ತಿ ಏಳದೆ ದೂರದ ಸಂಪರ್ಕ ಕೆಲಸ ಮಾಡುವುದಿಲ್ಲವಾದ್ದರಿಂದ ಅಸಂಖ್ಯ ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಕುಳಿತು, ಸೇಫ್ ಮೋಡ್‌ಗೆ ಹೋಗಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಕಡೆ ಅದಕ್ಕೆ ಬೇಕಾದ 48 ಅಂಕಿಗಳ ಕೀಲಿಯನ್ನು ಮೊದಲು ಹುಡುಕಬೇಕಾಯಿತು. ಅಂಥ ದಿನ ಕಾರ್ಕಳದ ಕಚೇರಿಯಲ್ಲಿ ಆ ಸಂಖ್ಯೆ ಬರೆದಿಟ್ಟ ಕಾಗದ ಎಲ್ಲಿದೆ ಎಂದು ಗೊತ್ತಿರುವ ಒಬ್ಬರಿದ್ದರೆ ಅದು ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಸಂಸ್ಥೆ ತನ್ನದೇ ದಾಖಲೆಯ ಹೊರಗೆ ನಿಲ್ಲುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಸ್ವಂತ ಸರ್ವರೇ ಬೇಡ, ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಸಿಡಿಲೂ ಇಲ್ಲ, ಉಪ್ಪುಗಾಳಿಯೂ ಇಲ್ಲ. ಇದರಲ್ಲಿ ಸತ್ಯಾಂಶವಿದೆ. ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಲೆಕ್ಕ ಹಾಕಿದ್ದೂ ಹೀಗೆಯೇ: ಸಂಘಕ್ಕೊಂದು ತಂತ್ರಾಂಶ ಬೇಡ, 63 ಸಾವಿರ ಸಂಘಗಳಿಗೆ ಒಂದೇ ತಂತ್ರಾಂಶ ಸಾಕು. ಊರಿನ ಮೂಲೆಯ ಧೂಳು ಹಿಡಿದ ಸರ್ವರಿಗಿಂತ ದೊಡ್ಡ ದತ್ತಾಂಶ ಕೇಂದ್ರ ಮೇಲು ಎಂಬುದನ್ನು ಒಪ್ಪುತ್ತೇನೆ. ಆದರೆ ಕ್ಲೌಡಿಗೆ ಹೋದರೆ ಕೀಲಿ ಇಲ್ಲವಾಗುವುದಿಲ್ಲ, ಇನ್ನೂ ದೂರ ಹೋಗುತ್ತದೆ, ಒಂದೇ ಗೊಂಚಲಿನಲ್ಲಿ ಹಲವರ ಕೀಲಿ ಸೇರುತ್ತದೆ. 2024ರ ಜುಲೈ ಕೊನೆಗೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆ ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಒಮ್ಮೆಗೇ ನಿಂತಿತೆಂದು ವರದಿಯಾಯಿತು. ಆ ಬ್ಯಾಂಕುಗಳ ಗ್ರಾಹಕರಿಗೆ ಸಿ-ಎಡ್ಜ್ ಎಂಬ ಹೆಸರೇ ಗೊತ್ತಿದ್ದಿರಲಾರದು. ಅದಕ್ಕೂ ಮೂರು ವರ್ಷ ಮೊದಲು, 2021ರ ಜುಲೈ 2ರಂದು, ದೂರದಿಂದ ಕಂಪ್ಯೂಟರ್ ನಿರ್ವಹಿಸಲೆಂದೇ ಇರುವ ಕಸೇಯಾ ತಂತ್ರಾಂಶದ ಮೂಲಕವೇ ದಾಳಿಕೋರರು ನುಗ್ಗಿದರು. ನೇರವಾಗಿ ಪೆಟ್ಟು ತಿಂದವರು ಸುಮಾರು 60 ಗ್ರಾಹಕರು. ಅವರು ನೋಡಿಕೊಳ್ಳುತ್ತಿದ್ದ ಸಣ್ಣ ಸಂಸ್ಥೆಗಳನ್ನು ಸೇರಿಸಿದರೆ 1,500ರವರೆಗೆ. ಸ್ವೀಡನ್ನಿನಲ್ಲಿ ಕೋಆಪ್ ಎಂಬ ಸಹಕಾರಿ ಮಳಿಗೆ ಸರಣಿಯ ಸುಮಾರು 800 ಅಂಗಡಿಗಳು ಕ್ಯಾಶ್ ಕೌಂಟರು ಕೆಲಸ ಮಾಡದೆ ಬಾಗಿಲು ಹಾಕಿದವು. ಕಾವಲಿಗೆಂದು ಇಟ್ಟ ದಾರಿಯಿಂದಲೇ ಆಪತ್ತು ಬಂದಿತ್ತು.

ಎರಡನೆಯ ಆಕ್ಷೇಪ ಹಣದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐದಾರು ಸಿಬ್ಬಂದಿಯ ಸೊಸೈಟಿ, ಒಬ್ಬ ವೈದ್ಯರ ಕ್ಲಿನಿಕ್, ಗೇರುಬೀಜದ ಸಣ್ಣ ಕಾರ್ಖಾನೆ ಇವು ಸ್ವಂತ ಎಂಜಿನಿಯರನ್ನು ಎಲ್ಲಿಂದ ಇಟ್ಟುಕೊಳ್ಳಬೇಕು? ಇಟ್ಟುಕೊಳ್ಳಬೇಕಾಗಿಲ್ಲ. ಎರಡನೆಯ ಕೀಲಿ ಹಿಡಿಯುವವರಿಗೆ ಸರ್ವರ್ ವಿದ್ಯೆ ಗೊತ್ತಿರಬೇಕಿಲ್ಲ. ತಿಜೋರಿಯ ಕೀಲಿ ಹಿಡಿದ ಮ್ಯಾನೇಜರಿಗೂ ಬೀಗ ಮಾಡಲು ಬರುತ್ತಿರಲಿಲ್ಲ. ಬೇಕಾದದ್ದು ಇಷ್ಟು: ಹೊರಗಿನವರಿಗೆ ಅವರದೇ ಹೆಸರಿನ ಪ್ರತ್ಯೇಕ ಖಾತೆ, ಎಲ್ಲರೂ ಬಳಸುವ ಒಂದೇ ‘ಅಡ್ಮಿನ್’ ಖಾತೆ ಬೇಡ, ಆ ಖಾತೆಗೆ ಲಾಗಿನ್ ಆಗುವಾಗ ಎರಡನೆಯ ದೃಢೀಕರಣದ ಸಂಕೇತ ಕಾರ್ಯದರ್ಶಿಯ ಫೋನಿಗೆ ಬರುವ ವ್ಯವಸ್ಥೆ, ಬಂದದ್ದು, ಹೋದದ್ದು, ಮಾಡಿದ್ದು ಬರೆಯಲು ಒಂದು ಪುಸ್ತಕ, ಸರ್ವರಿನ ತಂತಿಗೆ ಅಂಟಿಕೊಂಡಿರದ, ಪ್ರತ್ಯೇಕ ಕೋಣೆಯಲ್ಲಿಟ್ಟ ಒಂದು ಬ್ಯಾಕಪ್ ಡಿಸ್ಕ್. ಸಂಕೇತ ಬಂದಾಗ ಕಾರ್ಯದರ್ಶಿ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಯಾಕೆ? ಕಂಪ್ಯೂಟರ್ ವಿಜ್ಞಾನ ಕಲಿಯದವರೂ ಕೇಳಬಹುದಾದ ಪ್ರಶ್ನೆ ಇದು, ಮತ್ತು ಹೆಚ್ಚಿನ ಅನಾಹುತಗಳನ್ನು ತಡೆಯುವುದೂ ಇದೇ. ತಾಂತ್ರಿಕ ಪರೀಕ್ಷೆ ಬೇಕಾದಾಗ ಹತ್ತು ಸಂಘಗಳು ಸೇರಿ ವರ್ಷಕ್ಕೆರಡು ಸಲ ಒಬ್ಬ ಪರಿಣತರನ್ನು ಕರೆಸಬಹುದು. ಮಣಿಪಾಲದ ಎಂಐಟಿ 1957ರಿಂದ ಇದೆ, ಕಾರ್ಕಳ ತಾಲ್ಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು 1986ರಿಂದ. 1996ರಲ್ಲಿ ಉಡುಪಿಯಲ್ಲೇ ಶುರುವಾದ ರೋಬೊಸಾಫ್ಟ್ ಇಲ್ಲಿಂದಲೇ ಆಪಲ್ ಮ್ಯಾಕ್‌ಗೆ ತಂತ್ರಾಂಶ ಬರೆದು ಹೊರದೇಶಗಳಿಗೆ ಕಳಿಸಿತು. ಸಮುದ್ರದಾಚೆಯ ಗಿರಾಕಿಗಳನ್ನು ಇಷ್ಟು ಹಿಂದೆಯೇ ದೂರದಿಂದ ನೋಡಿಕೊಂಡ ಊರಿನಲ್ಲಿ ಪರಿಣತರ ಕೊರತೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

‘ನಮ್ಮ ಹುಡುಗ, ಚಿಕ್ಕಂದಿನಿಂದ ಗೊತ್ತು, ಅವನ ಮೇಲೆ ಅನುಮಾನವೇ?’ ಎಂಬುದು ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು, ಎಲ್ಲಕ್ಕಿಂತ ಮಾನವೀಯವಾದದ್ದು. ಇದಕ್ಕೆ ಉತ್ತರ ಆ ಹುಡುಗನ ಪರವಾಗಿಯೇ ಇದೆ. ಒಂದೇ ಅಡ್ಮಿನ್ ಖಾತೆ, ಲಾಗ್ ಇಲ್ಲ, ಪುಸ್ತಕ ಇಲ್ಲ ಎಂಬ ಕಚೇರಿಯಲ್ಲಿ ಒಂದು ದಿನ ಖಾತೆಯ ಅಂಕಿ ಅದಲುಬದಲಾದರೆ ಮೊದಲ ಬೆರಳು ಅವನತ್ತಲೇ ಏಳುತ್ತದೆ, ತಾನು ಮಾಡಿಲ್ಲ ಎಂದು ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಅವನ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕು, ಅವನ ಹೆಸರಿನಲ್ಲಿ ಇನ್ನೊಬ್ಬರು ಒಳಬಂದಿದ್ದರೂ ಅದನ್ನು ಬೇರ್ಪಡಿಸಿ ಹೇಳುವವರಿಲ್ಲ. ದಾಖಲೆ ಇಟ್ಟರೆ ಅದು ಅವನ ಸಾಕ್ಷಿ. ಕಾನೂನೂ ಈಗ ಅದನ್ನೇ ಬಯಸುತ್ತದೆ: ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರದ ಸೈಬರ್ ತುರ್ತು ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಯಾರು ಬಂದರು ಎಂಬುದನ್ನೇ ಬರೆದಿಡದ ಕಚೇರಿ ಏನು ಹೋಯಿತು ಎಂದು ಆರು ಗಂಟೆಯಲ್ಲಿ ಹೇಗೆ ಹೇಳೀತು?

ತುರ್ತು ಬಂದಾಗ ಎರಡನೆಯ ಕೀಲಿಯವರು ಸಿಗದಿದ್ದರೆ, ಅವರು ಮದುವೆಮನೆಯಲ್ಲೋ ವಿಮಾನದಲ್ಲೋ ಇದ್ದರೆ ಎಂದು ಕೇಳುವುದು ಸಹಜ. ಇದನ್ನೂ ಬ್ಯಾಂಕಿನವರು ಎಂದೋ ಬಗೆಹರಿಸಿದ್ದಾರೆ. ಮೊಹರಿನ ಲಕೋಟೆ ಇರಲಿ. ಅದನ್ನು ಒಡೆದರೆ ಒಡೆದದ್ದು ಕಾಣುತ್ತದೆ, ಮರುದಿನ ಕಾರಣ ಬರೆದು, ಪಾಸ್‌ವರ್ಡ್ ಬದಲಿಸಿ, ಹೊಸ ಲಕೋಟೆ ಮಾಡಿದರಾಯಿತು. ತುರ್ತಿಗೆ ದಾರಿ ಇಟ್ಟುಕೊಳ್ಳುವುದಕ್ಕೂ ತುರ್ತನ್ನೇ ನಿತ್ಯದ ದಾರಿ ಮಾಡಿಕೊಳ್ಳುವುದಕ್ಕೂ ಅಂತರವಿದೆ. ಮಣಿಪಾಲದ ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ಇದನ್ನೆಲ್ಲ ನೋಡಿಕೊಳ್ಳಲು ತಮ್ಮದೇ ವಿಭಾಗಗಳಿವೆ. ನನ್ನ ಚಿಂತೆ ಅವುಗಳ ಗೇಟಿನ ಆಚೆ, ಹೆದ್ದಾರಿ 66ರ ಬದಿಯಲ್ಲಿ, ಕಾರ್ಕಳದ ಪೇಟೆಯಲ್ಲಿ ಬೋರ್ಡು ಹಾಕಿಕೊಂಡ ಸಂಸ್ಥೆಗಳ ಬಗ್ಗೆ.

ಇವುಗಳಿಗೆ ಕಾದಿರುವ, ತೀರಾ ಸಾಮಾನ್ಯವಾದ ಅಪಾಯ ದಾಳಿಯೂ ಅಲ್ಲ, ಸಿಡಿಲೂ ಅಲ್ಲ. ಸರ್ವರ್ ನೋಡಿಕೊಳ್ಳುತ್ತಿದ್ದವರು ಒಳ್ಳೆಯ ಕೆಲಸ ಸಿಕ್ಕಿ ಬೆಂಗಳೂರಿಗೆ, ದುಬೈಗೆ ಹೋಗುತ್ತಾರೆ. ಈ ಕರಾವಳಿಯಲ್ಲಿ ಅದು ನೂರು ವರ್ಷದ ರೂಢಿ, ಅದರಲ್ಲಿ ತಪ್ಪೂ ಇಲ್ಲ. ಹೊರಡುವ ಮೊದಲು ಏನನ್ನು ಒಪ್ಪಿಸಬೇಕು ಎಂಬುದು ಒಪ್ಪಂದದ ಕಾಗದದಲ್ಲಿ ಇರುವುದಿಲ್ಲ. ಹೊಸಬರು ಬಂದು ನೋಡಿದಾಗ ಸಂಸ್ಥೆಯ ವೆಬ್ ವಿಳಾಸ ಹಿಂದಿನವರ ಸ್ವಂತ ಇಮೇಲಿಗೆ ನೋಂದಣಿಯಾಗಿರುತ್ತದೆ, ಕ್ಲೌಡ್ ಬ್ಯಾಕಪ್ಪಿನ ಬಿಲ್ಲು ಅವರ ಕಾರ್ಡಿನಿಂದ ಕಡಿತವಾಗುತ್ತಿರುತ್ತದೆ, ಟ್ಯಾಲಿಯ ಪರವಾನಗಿ ಅವರ ಖಾತೆಗೆ ಕಟ್ಟಿಕೊಂಡಿರುತ್ತದೆ, ಶಾಶ್ವತ ಪಾಸ್‌ವರ್ಡ್ ಇನ್ನೂ ಜೀವಂತವಾಗಿರುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲದೆಯೇ ಸಂಸ್ಥೆ ತನ್ನ ಮನೆಗೆ ತಾನೇ ಬಾಡಿಗೆದಾರನಾಗಿರುತ್ತದೆ. ಈ ವರ್ಷದ ನಿರ್ವಹಣೆ ಒಪ್ಪಂದ (ಎಎಂಸಿ) ನವೀಕರಿಸುವಾಗ ದರ ಇಳಿಸಲು ಚೌಕಾಸಿ ಮಾಡುವ ಆಡಳಿತ ಮಂಡಳಿಗಳು ಇನ್ನೂ ಎರಡು ಸಾಲು ಸೇರಿಸಲಿ: ವೆಬ್ ವಿಳಾಸ, ಪರವಾನಗಿ, ಬ್ಯಾಕಪ್ ಖಾತೆಗಳೆಲ್ಲ ಸಂಸ್ಥೆಯ ಹೆಸರಿನಲ್ಲೇ, ಸಂಸ್ಥೆಯ ಇಮೇಲಿನಲ್ಲೇ ಇರತಕ್ಕದ್ದು, ಒಪ್ಪಂದ ಮುಗಿದ ದಿನವೇ ಹಳೆಯ ಖಾತೆ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕತಕ್ಕದ್ದು.